ಲೋಣಿ ಗೇಟಿನಲ್ಲಿ ನಿಂತ ಮೋಟಾರು

ಹೆಣ್ಣು ಗಾಡಿ ಓಡಿಸಿದ್ದರಿಂದಲೇ ಹಾಗಾಯಿತು ಎಂದು ಹೇಳುವವರು ನಮ್ಮ ಬಳಗದಲ್ಲಿ ಇಂದಿಗೂ ಇದ್ದಾರೆ. ಅವರ ಕಥೆಯಲ್ಲಿ ಗಾಡಿ ರೈಲು ಹಳಿಯ ಮೇಲೆ ನಿಂತದ್ದು ಮಾತ್ರ ಇರುತ್ತದೆ, ಯಾಕೆ ನಿಂತಿತು ಎಂಬುದು ಇರುವುದಿಲ್ಲ. ಹೇಳುವವರಲ್ಲಿ ಒಬ್ಬರೂ ಆ ಗಾಡಿಯಲ್ಲಿ ಇರಲಿಲ್ಲ. ನಾನು ಇದ್ದೆ. ಆ ಎರಡು ಮೂರು ನಿಮಿಷಗಳು ಎಷ್ಟು ಸಲ ನನ್ನ ಕಣ್ಣ ಮುಂದೆ ಮತ್ತೆ ನಡೆದಿವೆಯೋ ಲೆಕ್ಕವಿಲ್ಲ. ಆದ್ದರಿಂದ ಬರೆಯುವ ಹಕ್ಕು ನನ್ನದೇ ಎಂದುಕೊಂಡಿದ್ದೇನೆ.

ಯುದ್ಧದ ವರ್ಷಗಳು. ಅಪ್ಪ ಧಾರವಾಡದಿಂದ ಬಂದು ಖಡಕಿಯ ಕಾರ್ಖಾನೆಯೊಂದರ ಕಚೇರಿಯಲ್ಲಿ ಕಾರಕೂನನಾಗಿದ್ದ. ಪುಣೆಯ ಪೇಟೆಯೊಂದರಲ್ಲಿ, ಹಲವು ಸಂಸಾರಗಳಿದ್ದ ವಾಡೆಯಲ್ಲಿ ನಮ್ಮ ಬಿಡಾರ. ನಾನು ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದೆ. ಅವ್ವನ ತಂಗಿಯೂ ನಮ್ಮೊಡನೆಯೇ ಇದ್ದಳು. ಆಕೆಯನ್ನು ನಾನು ಮೌಶಿ ಎನ್ನುತ್ತಿದ್ದೆ. ಹದಿನೈದಕ್ಕೆ ವಿಧವೆಯಾದವಳು, ಹಟ ಹಿಡಿದು ಓದಿ ಡಾಕ್ಟರಾಗಿದ್ದಳು. ಹೆಂಗಸರ ದವಾಖಾನೆಯೊಂದರಲ್ಲಿ ಕೆಲಸ. ವಾರಕ್ಕೆರಡು ಸಲ ಸೊಲ್ಲಾಪುರ ರಸ್ತೆಯ ಹಳ್ಳಿಗಳಿಗೆ ಬಸುರಿಯರನ್ನು ನೋಡಲು ಹೋಗುತ್ತಿದ್ದಳು. ಅದಕ್ಕೆಂದೇ ಆ ಮೋಟಾರು.

ವಿಲಾಯತಿಗೆ ಮರಳಿ ಹೊರಟ ಗೋರಾ ಅಧಿಕಾರಿಯೊಬ್ಬನಿಂದ ಕೊಂಡ ಹಳೆಯ ಗಾಡಿ ಅದು. ಹಣ ಮೌಶಿಯದು, ಆದರೆ ಮಾರುವವನು ಹೆಂಗಸಿನೊಡನೆ ವ್ಯವಹಾರ ಮಾಡಲು ಒಪ್ಪದ್ದರಿಂದ ಕಾಗದಗಳು ಅಪ್ಪನ ಹೆಸರಿನಲ್ಲಿ ಆದವು. ಪೆಟ್ರೋಲಿನ ಟಾಕಿ ಮುಂದಿನ ಗಾಜಿನ ಬುಡದಲ್ಲೇ ಇತ್ತು. ಅದರ ಗುಂಡು ಮುಚ್ಚಳ ಹೊರಗೆ, ಬಾನೆಟ್ಟಿನ ಮೇಲ್ಭಾಗದಲ್ಲಿ ಎದ್ದು ಕಾಣುತ್ತಿತ್ತು. ಪಂಪು ಗಿಂಪು ಏನೂ ಇರಲಿಲ್ಲ. ಪೆಟ್ರೋಲು ತನ್ನ ಭಾರಕ್ಕೆ ತಾನೇ ನಳಿಗೆಯಲ್ಲಿ ಇಳಿದು ಎಂಜಿನ್ನಿಗೆ ಹೋಗಬೇಕು. ಎಷ್ಟು ಉಳಿದಿದೆ ಎಂದು ತೋರಿಸುವ ಮುಳ್ಳು ಕೆಟ್ಟು ವರ್ಷಗಳಾಗಿದ್ದವು. ಮುಚ್ಚಳ ತೆಗೆದು ಬಿದಿರಿನ ಕಡ್ಡಿ ಇಳಿಬಿಟ್ಟು ನೋಡುವುದೇ ನಮ್ಮ ರೂಢಿ. ಪೆಟ್ರೋಲು ಕೂಪನ್ನಿಗೆ ಮಾತ್ರ ಸಿಗುತ್ತಿದ್ದ ಕಾಲವಾದ್ದರಿಂದ ಗಾಡಿ ಕೆಮ್ಮಿದರೂ ಮೊದಲು ಕಡ್ಡಿ, ನಿಂತರೂ ಮೊದಲು ಕಡ್ಡಿ.

ದಸರೆ ಮುಗಿದು ಎರಡು ದಿನವಾಗಿತ್ತು. ಥೇವೂರಿನಾಚೆಯ, ನಾಲ್ಕಾರು ಮನೆಗಳ ವಸ್ತಿಯೊಂದರಲ್ಲಿ ಒಬ್ಬ ಬಸುರಿ ಇದ್ದಳು. ಮೊದಲಿನ ಎರಡು ಕೂಸುಗಳೂ ಹೆರಿಗೆಯಲ್ಲೇ ಹೋಗಿದ್ದವು. ಆಕೆಯನ್ನು ನೋಡಲು ಮೌಶಿ ಹೊರಟಾಗ, ದಾರಿಯಲ್ಲೇ ಥೇವೂರಿನ ಗಣಪತಿಯ ದರ್ಶನ ಆದೀತೆಂದು ಅವ್ವನೂ ಹೊರಟಳು. ಅವ್ವನ ಮೊಣಕಾಲು ಮಡಚುತ್ತಿರಲಿಲ್ಲ, ಮೈಯೂ ಭಾರ. ಹಿಂದಿನ ಸೀಟಿನಲ್ಲಿ ಆಕೆಯನ್ನು ಕೂರಿಸಲು ಇಬ್ಬರು ಬೇಕು. ನಾನು ಮುಂದೆ ಮೌಶಿಯ ಪಕ್ಕ ಕೂತೆ. ಹಡಪಸರದಲ್ಲಿ ಕೂಪನ್ನು ಕೊಟ್ಟು ಟಾಕಿ ತುಂಬಿಸಿದೆವು.

ಲೋಣಿಯ ಹತ್ತಿರ ಹಳಿ ದಾಟುವ ಗೇಟು. ಗೇಟಿನವನು ಆಚೆಯ ಬದಿಯದನ್ನು ಹಾಕಲು ಹೊರಟಿದ್ದ. ಡಾಕ್ಟರ್ ಬಾಯಿಯ ಗಾಡಿಯ ಗುರುತು ಸಿಕ್ಕಿ ನಿಂತು ಕೈ ಬೀಸಿದ.

"ಚಲಾ ಬಾಯಿ, ಲವಕರ!" ಬೇಗ ಬನ್ನಿ ಎಂದು.

ಅದು ಅವನ ಒಳ್ಳೆಯತನ. ಏರಿ ಹತ್ತುವಾಗ ಎಂಜಿನ್ನು ಕೆಮ್ಮಿತು. ಒಂದು ಸಲ, ಮತ್ತೊಂದು ಸಲ. ಮೂರನೆಯ ಸಲ ಗಾಡಿ ಮುಗ್ಗರಿಸಿದಂತಾಗಿ ಸುಮ್ಮನಾಯಿತು. ಮುಂದಿನ ಗಾಲಿಗಳು ಹಳಿಗಳನ್ನು ದಾಟಿದ್ದವು, ಹಿಂದಿನವು ದಾಟಿರಲಿಲ್ಲ. ಅವ್ವ ಕೂತ ಜಾಗ ಸರಿಯಾಗಿ ಹಳಿಗಳ ನಡುವೆ.

ಮೌಶಿ ಗಾಡಿ ಚಾಲೂ ಮಾಡುವ ಸೆಲ್ಫ್ ಗುಂಡಿ ಒತ್ತಿದಳು. ಎಂಜಿನ್ನು ತಿರುಗಿತು, ಹಿಡಿಯಲಿಲ್ಲ. ದೌಂಡಿನ ಕಡೆಯಿಂದ ಸಿಳ್ಳೆ ಕೇಳಿತು. ಆ ಬದಿಯಲ್ಲಿ ಕಬ್ಬು ಆಳೆತ್ತರ ಬೆಳೆದು ಹಳಿಯ ತಿರುವು ಕಾಣುತ್ತಿರಲಿಲ್ಲ.

"ಇಳೀರಿ, ಇಬ್ಬರೂ ಇಳೀರಿ!" ಎಂದಳು ಮೌಶಿ.

"ನಾ ಹೆಂಗ ಇಳೀಲೆವ್ವಾ?" ಎಂದಳು ಅವ್ವ ಹಿಂದಿನಿಂದ. "ನೀ ಗಾಡಿ ನೋಡು."

ನಾನು ಇಳಿದೆ. ಇಳಿದವಳು ಓಡಿದೆ. ಇದನ್ನು ಬರೆಯದೆ ಮುಂದೆ ಹೋಗಲಾರೆ. ಗೇಟು ದಾಟಿ ಹತ್ತು ಹೆಜ್ಜೆ ಓಡಿ ನಿಂತು, ತಿರುಗಿ ನೋಡಿದಾಗ ಹಿಂದಿನ ಕಿಟಕಿಯಲ್ಲಿ ಅವ್ವನ ಮುಖ ಕಂಡಿತು. ಆಕೆ ಕೂಗುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಮರಳಿ ಓಡಿ ಬಂದೆ. ಅಷ್ಟರಲ್ಲಿ ಗೇಟಿನವನು ಕೆಂಪು ಬಾವುಟವನ್ನು ಹಳಿಯ ನಡುವೆ ಸಿಕ್ಕಿಸಿ, ಗಾಡಿಯ ಬೆನ್ನಿಗೆ ಹೆಗಲು ಕೊಟ್ಟಿದ್ದ. ನಾನೂ ಕೊಟ್ಟೆ. ಒಳಗೆ ಮೌಶಿ ಗಾಡಿಯನ್ನು ಗೇರಿನಲ್ಲೇ ಇಟ್ಟು ಸೆಲ್ಫ್ ಒತ್ತುತ್ತಿದ್ದಳು. ಒತ್ತಿದಾಗೊಮ್ಮೆ ಗಾಡಿ ಗೇಣಿನಷ್ಟು ಮುಂದೆ ನೆಗೆಯುತ್ತಿತ್ತು. ಬ್ಯಾಟರಿ ಸೋಲುತ್ತ ಬಂತು. ಹಿಂದಿನ ಗಾಲಿ ಮೊದಲ ಹಳಿ ಏರಿತು, ಇಳಿಯಿತು. ಎರಡನೆಯದಕ್ಕೆ ತಡೆದು ನಿಂತಿತು. "ಒಂದ, ಎರಡ, ಈಗ!" ಎಂದು ಕೂಗಿದವಳು ಅವ್ವ. ನಾವು ನೂಕಿದೆವು, ಮೌಶಿ ಒತ್ತಿದಳು, ಗಾಡಿ ಹಳಿ ದಾಟಿ ಆಚೆಯ ಇಳಿಜಾರಿನಲ್ಲಿ ತಾನಾಗಿ ಉರುಳಿತು.

ರೈಲು ಬ್ರೇಕು ಹಾಕಿಕೊಂಡೇ ಬಂತು. ಆದರೂ ನಾವು ನಿಂತಿದ್ದ ಜಾಗವನ್ನು ದಾಟಿ, ನಾಲ್ಕು ಡಬ್ಬಿ ಮುಂದೆ ಹೋಗಿ ನಿಂತಿತು. ಆ ನಾಲ್ಕು ಡಬ್ಬಿಗಳು ಕಬ್ಬಿಣ ಉಜ್ಜುವ ಸದ್ದು ಮಾಡುತ್ತ ಒಂದೊಂದಾಗಿ ಹಾದುಹೋದದ್ದನ್ನು ನಾನು ಈಗಲೂ ನೋಡುತ್ತೇನೆ. ಗೇಟಿನವನು ನೆಲಕ್ಕೆ ಕುಸಿದು ಕೂತ. "ನನ್ನ ನೌಕರಿ ಹೋಗುತ್ತಿತ್ತಲ್ಲ, ಬಾಯಿ" ಎಂದು ಮರಾಠಿಯಲ್ಲಿ ಅದನ್ನೇ ಅನ್ನುತ್ತಿದ್ದ. ಜೀವದ ಮಾತು ಅವನಿಗೆ ನೆನಪಾಗಲಿಲ್ಲ.

ಮೌಶಿ ಇಳಿದು ಟಾಕಿಯ ಮುಚ್ಚಳ ತಿರುಗಿಸಿ ಕಡ್ಡಿ ಇಳಿಬಿಟ್ಟಳು. ಕಡ್ಡಿ ಮುಕ್ಕಾಲು ಒದ್ದೆ. ಹ್ಯಾಂಡಲ್ ಹಾಕಿ ತಿರುಗಿಸಿದ ಕೂಡಲೆ ಎಂಜಿನ್ನು ಏನೂ ಆಗದವರಂತೆ ಚಾಲೂ ಆಯಿತು.

ಬೇರೆ ಯಾರಾದರೂ ಆಗಿದ್ದರೆ ಮನೆಗೆ ಹೊರಳುತ್ತಿದ್ದರು. ಮೌಶಿ ಹೊರಳಲಿಲ್ಲ. ವಸ್ತಿಗೆ ಹೋಗಿ ಆ ಬಸುರಿಯ ಹೊಟ್ಟೆ ಮುಟ್ಟಿ ನೋಡಿದಳು. ಕೂಸು ಅಡ್ಡಲಾಗಿತ್ತು. "ಬರುವ ರವಿವಾರ ಬಂದು ನಿನ್ನನ್ನು ದವಾಖಾನೆಗೆ ಒಯ್ಯುತ್ತೇನೆ. ಅಲ್ಲಿಯವರೆಗೆ ಯಾರ ಕೈಗೂ ಹೊಟ್ಟೆ ಕೊಡಬೇಡ" ಎಂದು ಮಾತು ಕೊಟ್ಟು ಬಂದಳು. ಬರುವಾಗ ಗಾಡಿ ಮತ್ತೆ ಎರಡು ಸಲ ನಿಂತಿತು. ಒಮ್ಮೆ ಸಪಾಟು ರಸ್ತೆಯಲ್ಲಿ, ಇನ್ನೊಮ್ಮೆ ನಮ್ಮ ಗಲ್ಲಿಯ ಬಾಯಲ್ಲಿ, ನೆರೆಯವರೆಲ್ಲ ನೋಡುತ್ತಿರುವಾಗ.

ಅಪ್ಪ ಆ ದಿನ ಊಟ ಮಾಡಲಿಲ್ಲ. ಮರುದಿನ ಖಡಕಿಯಿಂದ ಮಿಸ್ತ್ರಿಯೊಬ್ಬನನ್ನು ಕರೆತಂದ. ಮಿಸ್ತ್ರಿ ತನ್ನ ಕೆಲಸ ಬಲ್ಲವನೇ. ಮೊದಲು ಮುಚ್ಚಳ ತೆಗೆದು ಪಕ್ಕಕ್ಕಿಟ್ಟು ಕಡ್ಡಿ ಹಾಕಿ ನೋಡಿದ, ಪೆಟ್ರೋಲು ಇತ್ತು. ಪಾನಾ ಹಾಕಿ ನಳಿಗೆ ಬಿಚ್ಚಿದ, ಧಾರೆ ಸರಿಯಾಗಿ ಬಂತು. ಕಸ ನಿಲ್ಲುವ ಗಾಜಿನ ಬಟ್ಟಲು ತೊಳೆದ. ಕಾರ್ಬ್ಯುರೇಟರು ಬಿಚ್ಚಿ, ಅದರ ಸಣ್ಣ ತೂತುಗಳಿಗೆ ಬಾಯಿ ಹಚ್ಚಿ ಊದಿದ. ಎಲ್ಲವೂ ಚೊಕ್ಕ. ಮತ್ತೆ ಜೋಡಿಸಿ, ಗಾಡಿ ಚಾಲೂ ಮಾಡಿ, ಗಲ್ಲಿಯಲ್ಲಿ ಎರಡು ಸುತ್ತು ಹಾಕಿ ಬಂದು ಕೈ ಒರೆಸಿಕೊಂಡ. ಮೌಶಿ ಎದುರಿಗೇ ನಿಂತಿದ್ದರೂ ಅವನು ಮಾತಾಡಿದ್ದು ಅಪ್ಪನೊಡನೆ.

"ಗಾಡೀಲಾ ಕಾಹೀ ಝಾಲಂ ನಾಹೀ, ಸಾಹೇಬ. ಬಾಯೀಂಚಾ ಹಾತ ಜಡ ಆಹೇ." ಗಾಡಿಗೆ ಏನೂ ಆಗಿಲ್ಲ, ಬಾಯಿಯ ಕೈ ಭಾರ. ಚೋಕು ಹೆಚ್ಚು ಎಳೆದು ಎಂಜಿನ್ನಿಗೆ ಪೆಟ್ರೋಲು ಕುಡಿಸಿ ಕುಡಿಸಿ ಉಸಿರು ಕಟ್ಟಿಸುತ್ತಾರೆ ಎಂದ.

ಅವನು ಹೋದ ಮೇಲೆ ಅಪ್ಪ ತೀರ್ಪು ಕೊಟ್ಟ. "ಗಾಡಿ ಮಾರೋದ. ರವಿವಾರ ಮುಂಜಾನೆ ಪೇಟ್ಯಾಗಿನ ವ್ಯಾಪಾರಿ ಬಂದು ಒಯ್ತಾನ."

"ಭಾವಾ, ರವಿವಾರ ನಾ ಆ ಹೆಣಮಗಳನ್ನ ಕರಕೊಂಡ ಬರಬೇಕು" ಎಂದಳು ಮೌಶಿ.

"ಟಾಂಗಾ ಮಾಡ್ಕೊಂಡು ಹೋಗು."

"ಟಾಂಗಾದಾಗ ಹೋಗಿ ಬರ್ಲಿಕ್ಕೆ ಇಡೀ ದಿನಾ ಬೇಕು. ಕೂಸು ಅಡ್ಡ ಅದ. ಆ ರಸ್ತಾದಾಗ ಆಕಿನ್ನ ಟಾಂಗಾದಾಗ ಕುಲುಕಿಸಿಕೋತ ಹೆಂಗ ತರಲಿ?"

"ಅದು ಅವರ ಮನೀವರು ನೋಡ್ಕೋತಾರ. ನನಗ ನನ್ನ ಮನೀ ಮಂದಿ ಜೀವಾ ಮುಖ್ಯ. ನೀ ಆ ಗಾಡಿ ಮುಟ್ಟಬ್ಯಾಡ."

ಆ ವಾರ ಮೌಶಿ ದವಾಖಾನೆಗೆ ನಡೆದೇ ಹೋದಳು. ವಾಡೆಯ ಹೆಂಗಸರು ನಳದ ಹತ್ತಿರ ಅವ್ವನಿಗೆ ಕೇಳಿಸುವ ಹಾಗೆ ಮಾತಾಡಿದರು. ಹಣೆ ಬರಿದಾದವಳು ಮುಂದೆ ಕೂತರೆ ಹಿಂದೆ ಕೂತವರ ಗತಿ ಏನಾದೀತು, ಎಂದು. ಅವ್ವ ಕೊಡ ತುಂಬುವವರೆಗೂ ನಿಂತು ಕೇಳಿ ಬಂದಳು.

ನಾನು ಕಾಲೇಜಿಗೆ ಹೋದೆ, ಬಂದೆ. ಪುಸ್ತಕ ತೆರೆದರೆ ಸಾಲುಗಳ ಮೇಲೆ ಆ ನಾಲ್ಕು ಡಬ್ಬಿಗಳು ಹಾಯುತ್ತಿದ್ದವು. ಬೇಡವೆಂದಷ್ಟೂ ಅದೇ ಮರಳಿ ಬರುತ್ತಿತ್ತು. ಏರಿ, ಕೆಮ್ಮು, ಸಿಳ್ಳೆ, ನನ್ನ ಓಟ. ಮೂರನೆಯ ದಿನ ನನಗೆ ರೋಷ ಬಂತು. ಇದು ನನ್ನನ್ನು ಬಿಡುವುದಿಲ್ಲವಾದರೆ ನಾನೂ ಇದನ್ನು ಬಿಡಬಾರದು. ಹೆದರಿ ಕಣ್ಣು ಮುಚ್ಚುವ ಬದಲು ಕಿವಿ ತೆರೆದು ಕೇಳುತ್ತೇನೆ ಎಂದು ಕೂತೆ. ಪ್ರಯೋಗಶಾಲೆಯಲ್ಲಿ ಒಂದೇ ಪ್ರಯೋಗವನ್ನು ಹತ್ತು ಸಲ ಮಾಡಿಸುತ್ತಿದ್ದರಲ್ಲ, ಹಾಗೆ.

ಹೆಚ್ಚು ಪೆಟ್ರೋಲು ಕುಡಿದ ಎಂಜಿನ್ನು ಕಪ್ಪು ಹೊಗೆ ಬಿಡುತ್ತದೆ, ಸುತ್ತಲೂ ವಾಸನೆ ಹಬ್ಬುತ್ತದೆ. ಹಳಿಯ ಮೇಲೆ ವಾಸನೆಯೇ ಇರಲಿಲ್ಲ. ಅಲ್ಲದೆ ಮೌಶಿ ಹಡಪಸರ ಬಿಟ್ಟ ಮೇಲೆ ಚೋಕು ಮುಟ್ಟಿರಲಿಲ್ಲ. ಆ ಕೆಮ್ಮು ಹೊಟ್ಟೆ ತುಂಬಿದವರ ಕೆಮ್ಮಲ್ಲ, ಬಾಯಿ ಒಣಗಿದವರದು. ಪೆಟ್ರೋಲು ಟಾಕಿಯಲ್ಲಿತ್ತು, ಎಂಜಿನ್ನಿಗೆ ಮುಟ್ಟಿರಲಿಲ್ಲ. ಏರಿನ ಕಾರಣಕ್ಕೆ ಎನ್ನೋಣವೆಂದರೆ ಎರಡನೆಯ ಸಲ ನಿಂತದ್ದು ಸಪಾಟು ನೆಲದಲ್ಲಿ. ನಳಿಗೆಯಲ್ಲಿ ಕಸ ಎಂದರೆ ಮಿಸ್ತ್ರಿಗೆ ಒಂದು ಕಣವೂ ಸಿಕ್ಕಿರಲಿಲ್ಲ. ಮೂರು ಸಲವೂ ಗಾಡಿ ಯಾವಾಗ ಚಾಲೂ ಆಯಿತು? ಮೌಶಿ ಮುಚ್ಚಳ ತೆಗೆದು ಕಡ್ಡಿ ಹಾಕಿದ ಮೇಲೆ. ಇಲ್ಲಿಗೆ ಬಂದಾಗ ನನಗೆ ಒಂದು ಸದ್ದು ನೆನಪಾಯಿತು. ರೈಲು ನಿಂತು, ಗೇಟಿನವನು ಗೋಳಿಡುತ್ತಿದ್ದಾಗ, ಮೌಶಿ ಮುಚ್ಚಳ ತಿರುಗಿಸಿದ ಗಳಿಗೆಯಲ್ಲಿ ಟಾಕಿ 'ಸ್ಸ್' ಎಂದು ಉಸಿರೆಳೆದುಕೊಂಡಿತ್ತು. ಭಯದಲ್ಲಿ ಕೇಳಿಯೂ ಕೇಳದ ಸದ್ದು ಅದು.

ಎಣ್ಣೆಯ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಗುಳುಗುಳು ಎಂದು ನಿಂತು ಬಿಡುತ್ತದೆಂದು ಅಡಿಗೆ ಮನೆ ಕಂಡವರಿಗೆಲ್ಲ ಗೊತ್ತು. ಎದುರಿಗೆ ಇನ್ನೊಂದು ತೂತು ಬೇಕು, ಗಾಳಿ ಹೋಗಲಿಕ್ಕೆ. ಟಾಕಿಗೂ ಹಾಗೊಂದು ತೂತು ಇರಲೇಬೇಕು. ಮಿಸ್ತ್ರಿ ಪರೀಕ್ಷೆಗೆಂದು ಮಾಡಿದ ಮೊದಲ ಕೆಲಸವೇ ಮುಚ್ಚಳ ತೆಗೆದಿಟ್ಟದ್ದು. ರೋಗವನ್ನು ಪಕ್ಕಕ್ಕಿಟ್ಟು ರೋಗಿಯನ್ನು ಪರೀಕ್ಷಿಸಿದ್ದ.

ಶನಿವಾರ ಮಧ್ಯಾಹ್ನ ಅಪ್ಪ ಮನೆಯಲ್ಲಿದ್ದ. ಅವನು ನೋಡಲೆಂದೇ ಆ ಹೊತ್ತು ಆರಿಸಿದೆ. ಮೌಶಿಯನ್ನು ಅಂಗಳಕ್ಕೆ ಕರೆದೆ. ಅವ್ವನಿಂದ ಹಳೆಯ ತಪೇಲಿಯೊಂದನ್ನು ಕೇಳಿ ತಂದೆ. ವಾಡೆಯ ಹುಡುಗರನ್ನೂ ಬೀಡಿ ಸೇದುವ ಅಜ್ಜನನ್ನೂ ದೂರ ಕಳಿಸಿದೆ.

"ಗಾಡಿ ಮುಟ್ಟಬ್ಯಾಡ ಅಂದಿದ್ದೆ" ಎಂದ ಅಪ್ಪ, ಕಟ್ಟೆಯ ಮೇಲಿಂದ.

"ಮೌಶಿಗೆ ಅಂದಿದ್ರಿ. ನನಗ ಅಂದಿಲ್ಲ."

ಮುಚ್ಚಳವನ್ನು ಬಿಗಿಯಾಗಿ ಹಾಕಿಯೇ, ಎಂಜಿನ್ನಿನ ಹತ್ತಿರ ನಳಿಗೆ ಬಿಚ್ಚಿ ತಪೇಲಿ ಹಿಡಿದೆ. ಮೊದಲು ಕಿರುಬೆರಳಿನಷ್ಟು ದಪ್ಪ ಧಾರೆ. ನೋಡನೋಡುತ್ತ ಅದು ದಾರವಾಯಿತು, ಹನಿಯಾಯಿತು, ನಿಂತಿತು. ತಪೇಲಿಯಲ್ಲಿ ಒಂದು ಚೊಂಬು ಸಹ ಆಗಿರಲಿಲ್ಲ. ಟಾಕಿಯಲ್ಲಿ ಇಷ್ಟೊಂದು ಪೆಟ್ರೋಲು, ನಳಿಗೆಯ ಬಾಯಲ್ಲಿ ಒಂದು ಹನಿ ಇಲ್ಲ. ಅಪ್ಪ ಕಟ್ಟೆ ಇಳಿದು ಬಂದ.

"ಈಗ ತಗಿ ಮೌಶಿ" ಎಂದೆ.

ಮೌಶಿ ಮುಚ್ಚಳ ತಿರುಗಿಸಿದಳು. 'ಸ್ಸ್' ಎಂದಿತು. ಧಾರೆ ಧೊಪ್ಪನೆ ಬಂದು ತಪೇಲಿಗೆ ಬಿತ್ತು. ಅಪ್ಪನಿಗೆ ನಂಬಿಕೆಯಾಗಲಿ ಎಂದು ಮತ್ತೆರಡು ಸಲ ಮಾಡಿದೆ. ಮೂರು ಸಲವೂ ಅದೇ.

ಮೌಶಿ ಮುಚ್ಚಳವನ್ನು ಬಿಸಿಲಿಗೆ ಹಿಡಿದು ನೋಡಿದಳು. ನಡುವೆ ಸಾಸಿವೆಯಷ್ಟು ತಗ್ಗು. ಆ ತಗ್ಗನ್ನೂ ಸುತ್ತಲನ್ನೂ ಮುಚ್ಚಿ ಕೆಂಪಗೆ ಒಣಗಿದ ದುಂಡು ಬೊಟ್ಟು. ಮೇಲೆ ರಸ್ತೆಯ ಧೂಳು ಕೂತು ಅದು ಮುಚ್ಚಳದ ಬಣ್ಣವೇ ಎಂಬಂತೆ ಕಾಣುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅವ್ವ ಮುಡಿಗೆ ಸಿಕ್ಕಿಸಿದ್ದ ತಂತಿಯ ಆಕಡಾ ಕಿತ್ತು ಕೊಟ್ಟಳು. ಅದರ ತುದಿಯಿಂದ ಮೌಶಿ ಕೆರೆದಾಗ ಪುಡಿ ಉದುರಲಿಲ್ಲ; ಮೆತ್ತಗೆ ಸುರುಳಿಯಾಗಿ ಬಂತು. ಕುಂಕುಮದ ಕೆಳಗೆ ಮೇಣ.

ನಮ್ಮಲ್ಲಿ ಆಗ ಮುತ್ತೈದೆಯರು ಹಣೆಗೆ ಮೊದಲು ಜೇನಿನ ಮೇಣ ಸವರಿ, ಅದರ ಮೇಲೆ ಕುಂಕುಮ ಒತ್ತುತ್ತಿದ್ದರು. ಬೆವರಿದರೂ ಅಳಿಸಬಾರದೆಂದು. ದಸರೆಯ ಮುನ್ನಾದಿನ, ಖಂಡೇನವಮಿಗೆ, ಗಾಡಿಯ ಪೂಜೆ ಮಾಡಿದವಳು ಅವ್ವ.

"ಅದು ನಾ ಹಚ್ಚಿದ್ದು" ಎಂದಳು. "ಗಾಳಿಗೆ ಹಾರಿ ಹೋಗಬಾರದು ಅಂತ ಮೇಣಾ ಹಾಕಿ ಹಚ್ಚೀನಿ. ಆಕಿ ಹಣೀಮ್ಯಾಲೆ ಇಲ್ಲ. ಆಕಿ ಕೂಡೋ ಗಾಡಿ ಹಣೀಮ್ಯಾಲರೆ ಇರಲಿ ಅಂತ."

ಮೌಶಿ ಆಕಡಾದ ತುದಿಯ ಕೆಂಪು ಮೇಣವನ್ನು ಬೆರಳಿಗೆ ತೆಗೆದುಕೊಂಡು ನೋಡಿದಳು. ನಗುವೋ ಅಳುವೋ ತಿಳಿಯದ ಧ್ವನಿಯಲ್ಲಿ, "ಅಕ್ಕಾ, ಹಚ್ಚೂದು ಹಚ್ಚಿದಿ. ತೂತು ಬಿಟ್ಟು ಹಚ್ಚಬಾರದೇನ?" ಎಂದಳು.

"ನನಗೇನ ಗೊತ್ತವ್ವಾ ಗಾಡಿ ನೆತ್ತೀಲೆ ಉಸರಾಡಿಸ್ತದ ಅಂತ?"

ಅಪ್ಪನಿಗೆ ಮಾತು ಸಿಕ್ಕಿತು. "ಮತ್ತ ಮಿಸ್ತ್ರಿ ಏನಂದಿದ್ದ? ಹೆಂಗಸರ ಕೈ ಅಂತ ಅಂದಿದ್ದಿಲ್ಲ? ಖರೇ ಆತು."

ಅವ್ವ ಅಪ್ಪನೆದುರು ಧ್ವನಿ ಎತ್ತಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವತ್ತೂ ಎತ್ತಲಿಲ್ಲ. ಮೆಟ್ಟಿಲ ಮೇಲೆ ನಿಧಾನ ಕೂತು, ಮೊಣಕಾಲು ನೀಡಿಕೊಂಡು ಹೇಳಿದಳು.

"ಹೌದ್ರಿ, ಹೆಂಗಸಿನ ಕೈನೇ. ಆದ್ರ ಅದು ನನ್ನ ಕೈ. ನಾಕ ದಿನದಿಂದ ನೀವು ಅದನ್ನ ಆಕಿ ಕೈಗೆ ಕಟ್ಟಲಿಕತ್ತೀರಿ. ತಪ್ಪು ಮಾಡಿದವರನ್ನ ಮಾರೋದಿದ್ರ ನಾಳೆ ಆ ವ್ಯಾಪಾರಿಗೆ ನನ್ನ ಮಾರ್ರಿ. ಗಾಡಿ ಯಾಕ ಮಾರ್ತೀರಿ?"

"ನಿನ್ನ ಯಾರ ತೊಗೋತಾರ?" ಎಂದ ಅಪ್ಪ. ಹೇಳಿದ ಮೇಲೆ ಅವನಿಗೇ ನಗು ತಡೆಯಲಿಲ್ಲ. ಆಮೇಲೆ ಮುಖ ತಿರುವಿ, "ಹಳೀ ಮ್ಯಾಲೆ ನೀ ಇದ್ದಿ" ಎಂದ. ಆ ಮಾತು ಮೆತ್ತಗಿತ್ತು. "ಮೂರೂ ಮಂದಿ ಇದ್ರಿ."

"ಇದ್ದೆ. ನಾಳೇನೂ ಇರ್ತೀನಿ" ಎಂದಳು ಅವ್ವ.

ರವಿವಾರ ಬೆಳಗ್ಗೆ ವ್ಯಾಪಾರಿ ಬರುವುದು ಒಂಬತ್ತಕ್ಕೆ. ಏಳಕ್ಕೇ ಅವ್ವ ಅಪ್ಪನ ಕೋಟಿನ ಕಿಸೆಯಿಂದ ಗಾಡಿಯ ಕೀಲಿ ತೆಗೆದು ತಂಗಿಯ ಕೈಗೆ ಹಾಕಿದಳು. ಅಪ್ಪ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದ. ಕನ್ನಡಿಯಲ್ಲಿ ಅವನಿಗೆ ಎಲ್ಲವೂ ಕಾಣುತ್ತಿತ್ತು.

ನಾನು ಹೋಗಲೇಬೇಕೆಂದಿರಲಿಲ್ಲ, ಆದರೂ ಗಾಡಿ ಹತ್ತಿದೆ. ಗಾಡಿ ನಿಂತ ಕಾರಣ ನನಗೆ ಗೊತ್ತಿತ್ತು, ನನ್ನ ಕೈಯಿಂದಲೇ ಹುಡುಕಿದ್ದೆ. ಆದರೂ ಲೋಣಿಯ ಗೇಟು ದೂರದಲ್ಲಿ ಕಂಡ ಕೂಡಲೆ ನನ್ನ ಕೈ ಬಾಗಿಲ ಹಿಡಿಕೆಗೆ ಹೋಯಿತು. ತಿಳಿವಳಿಕೆ ತಲೆಗೆ ಮುಟ್ಟಿತ್ತು, ಕಾಲಿಗೆ ಮುಟ್ಟಿರಲಿಲ್ಲ.

ಗೇಟಿನವನು ನಮ್ಮನ್ನು ಕಂಡವನೇ ಎರಡೂ ಕೈ ಅಡ್ಡ ಹಿಡಿದು ನಿಂತ. ಎಲ್ಲರೂ ಇಳಿಯಬೇಕು, ಖಾಲಿ ಗಾಡಿ ಮೊದಲು ದಾಟಲಿ, ನೀವು ಹಿಂದಿನಿಂದ ನಡೆದು ಬನ್ನಿ ಎಂದ. ಇನ್ನೊಂದು ತಾಸು ಯಾವ ರೈಲೂ ಇಲ್ಲವೆಂದು ಅವನೇ ಒಪ್ಪಿಕೊಂಡ. ಆದರೂ ಇಳಿಯಲೇಬೇಕಂತೆ.

"ಗಾಡಿ ಸರಿಯಾಗಿದೆ. ನೀನು ದಾರಿ ಬಿಡು" ಎಂದಳು ಮೌಶಿ ಮರಾಠಿಯಲ್ಲಿ.

ಅವ್ವ ಹಿಂದಿನಿಂದ ಮುಂದಕ್ಕೆ ಬಾಗಿ ನನ್ನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದಳು. "ನೀ ಬೇಕಾದ್ರ ಇಳದು ನಡಕೋತ ದಾಟವ್ವಾ. ಯಾರೂ ಏನೂ ಅನ್ನೂದಿಲ್ಲ."

ಆ ಹತ್ತು ಹೆಜ್ಜೆಯ ಬಗ್ಗೆ ಅವ್ವ ಜೀವಮಾನದಲ್ಲಿ ಆಡಿದ ಮಾತು ಅದೊಂದೇ.

"ಇಲ್ಲ" ಎಂದೆ. "ಮೌಶಿ, ನಡಿ."

ಗೇಟಿನವನು ಕೈ ಇಳಿಸಿ ಬದಿಗೆ ಸರಿದ. ಏರಿ ಹತ್ತಿದೆವು. ನಾನು ಕಣ್ಣು ಮುಚ್ಚಲಿಲ್ಲ. ಎರಡೂ ಹಳಿಗಳು ಗಾಡಿಯ ಕೆಳಗೆ ಒಂದಾದ ಮೇಲೊಂದು ಎಗರಿದ್ದು ಬೆನ್ನೆಲುಬಿಗೆ ತಿಳಿಯಿತು. ಎಂಜಿನ್ನು ಒಂದು ಸಲವೂ ಕೆಮ್ಮಲಿಲ್ಲ. ಕೆಮ್ಮಿದ್ದರೂ ಆ ದಿನ ನಾನು ಇಳಿಯುತ್ತಿರಲಿಲ್ಲ.

ವಸ್ತಿಯ ಬಸುರಿ ಹೊಸ್ತಿಲಲ್ಲೇ ಕೂತಿದ್ದಳು, ಗಂಟು ಕಟ್ಟಿಕೊಂಡು, ಒಂದು ಕೈ ಸೊಂಟದ ಮೇಲೆ. ನೋವು ನಸುಕಿನಲ್ಲೇ ಸುರುವಾಗಿತ್ತಂತೆ. ಗಾಡಿ ನಿಲ್ಲುವ ಮೊದಲೇ ಬೈಯತೊಡಗಿದಳು.

"ಕಿತೀ ಉಶೀರ, ಬಾಯಿ!" ಎಷ್ಟು ತಡ! ಸೂಲಗಿತ್ತಿ ಎರಡು ಸಲ ಬಂದಿದ್ದಳು, ಹೊಟ್ಟೆ ಮುಟ್ಟಗೊಡದೆ ಅಟ್ಟಿದ್ದೇನೆ, ಅತ್ತೆಯ ಹತ್ತಿರ ಜಗಳಾಡಿದ್ದೇನೆ, ನೀವು ಬರದಿದ್ದರೆ ಯಾರ ಮುಖ ನೋಡಲಿ ಎಂದಳು.

"ಬರುತ್ತೇನೆ ಅಂದಿದ್ದೆ. ಬಂದಿದ್ದೇನೆ. ಏಳು" ಎಂದಳು ಮೌಶಿ.

ಅವಳನ್ನು ಅವ್ವನ ಪಕ್ಕ, ಕಾಲು ಚಾಚಿ ಒರಗಿಸಿದೆವು. ಮರಳಿ ಬರುವಾಗ ಲೋಣಿಯ ಗೇಟು ತೆರೆದೇ ಇತ್ತು. ಏರಿಯ ಬುಡದಲ್ಲಿ ಮೌಶಿ ಗಾಡಿ ನಿಧಾನ ಮಾಡಿದಾಗ ಆ ಬಸುರಿ ಅವ್ವನ ಕೈಯನ್ನು ಗಟ್ಟಿಯಾಗಿ ಹಿಡಿದು ಹಿಂದಿನಿಂದ ಕೂಗಿದಳು. "ಜೋರಾತ ಘ್ಯಾ, ಬಾಯಿ! ಥಾಂಬೂ ನಕಾ!" ಜೋರಾಗಿ ಹೊಡೆಯಿರಿ, ನಿಲ್ಲಿಸಬೇಡಿ.

ಮೌಶಿ ನಿಲ್ಲಿಸಲಿಲ್ಲ.